ಅಮ್ಮ ಊರು ಸುತ್ತಿದ ವರ್ಷ

ಎದುರುಮನೆಯ ಹನುಮಕ್ಕಜ್ಜಿ ಬೆಳಗಾಗುತ್ತಲೇ ಹಾಲಿನ ಪಾತ್ರೆ ಹಿಡಿದುಕೊಂಡು ನಮ್ಮ ಗೇಟಿನೊಳಗೆ ಬಂದಳೆಂದರೆ ಅವಳ ಮನೆಯ ತುಡುವೆ ಜೇನು ಎದ್ದುಹೋಗಿದೆ ಎಂದೇ ಅರ್ಥ. "ಏ ಶೈಲಿ, ಒಂಚೂರು ಮೂಸಿ ನೋಡೇ, ಕೆಟ್ಟದೋ ಚೆನ್ನಾಗದೋ?" ಎನ್ನುತ್ತಿದ್ದಳು. ಅವಳೇ ಮೂಸಬಹುದಿತ್ತು, ನಮ್ಮ ಅಂಗಳಕ್ಕೆ ಕಾಲಿಟ್ಟ ಮೇಲೆ ಅವಳ ಮೂಗಿಗೂ ಎಲ್ಲ ಬರುತ್ತಿತ್ತು. ಆದರೆ ನನ್ನಿಂದ ಮೂಸಿಸಿ, ಹಾಗೇ ಕಟ್ಟೆಯ ಮೇಲೆ ಕೂತು, ಒಂದು ಲೋಟ ಕಾಫಿಯನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಮೂಸಿ ಹೋಗುವುದು ಅವಳ ಪದ್ಧತಿ.

ನಮ್ಮ ಊರಿನಲ್ಲಿ ವಾಸನೆಗಳೆಲ್ಲ ಜೇನಿನ ಹತ್ತಿರ ಇರುತ್ತವೆ. ಕಾಫಿ, ಒಗ್ಗರಣೆ, ಮಲ್ಲಿಗೆ, ಮೊದಲ ಮಳೆಯ ಮಣ್ಣು, ತಳಹಿಡಿದ ಅನ್ನ, ಇವೆಲ್ಲ ತುಡುವೆಯ ಪಾಲು. ಹಿತ್ತಲಿನ ಪೆಟ್ಟಿಗೆಯಲ್ಲಿ ತುಡುವೆ ಇದ್ದರೆ ಮನೆಯಲ್ಲಿ ಇವೂ ಇರುತ್ತವೆ. ಹಿಂಡು ಎದ್ದುಹೋದರೆ, ಇನ್ನೊಂದು ಹಿಂಡು ಬಂದು ಕೂರುವವರೆಗೆ ಹಾಲು ಉಕ್ಕಿದ್ದು, ಸಾರು ಸೀದದ್ದು ಯಾರಿಗೂ ತಿಳಿಯುವುದಿಲ್ಲ. ಯಾರ ಮನೆಯ ಕಾಂಪೌಂಡಿನ ಮೇಲೆ ಕಪ್ಪು ಹಿಡಿದ ಪಾತ್ರೆಗಳು ಸಾಲಾಗಿ ಒಣಗುತ್ತಿವೆಯೋ ಅವರ ಪೆಟ್ಟಿಗೆ ಖಾಲಿ ಎಂದು ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು. ತುಡುವೆಯ ಸ್ವಭಾವವೇ ಹಾಗೆ, ಹೂವು ಕಡಿಮೆಯಾದರೆ, ಇರುವೆ ಹತ್ತಿದರೆ, ಯಾರಾದರೂ ಪೆಟ್ಟಿಗೆಯನ್ನು ಸುಮ್ಮಸುಮ್ಮನೆ ತೆಗೆದು ನೋಡಿದರೆ, ಎದ್ದು ಹೊರಟುಬಿಡುತ್ತದೆ. (ನಾನು ಸುಮ್ಮಸುಮ್ಮನೆ ತೆಗೆದು ನೋಡುವವಳು. ಹನುಮಕ್ಕಜ್ಜಿ ಜೇನು ಸಾಕುವುದನ್ನು ಕಲಿಸುವಾಗ ನನಗೆ ಕೊಟ್ಟ ಪೆಟ್ಟೆಲ್ಲ ಇದಕ್ಕೇ.)

ಮನುಷ್ಯರ ವಾಸನೆ ಮಾತ್ರ ಮುಜಂಟಿಯದು. ಮುಜಂಟಿ ಎಂದರೆ ಗುಂಗುರಿಗಿಂತ ಒಂದಿಷ್ಟೇ ದೊಡ್ಡದಾದ ಕಪ್ಪು ಜೇನು. ಮುಳ್ಳಿಲ್ಲ. ಸಿಟ್ಟು ಬಂದರೆ ತಲೆಗೂದಲೊಳಗೆ ಹೊಕ್ಕು ಕಚ್ಚುತ್ತದೆ, ಅಷ್ಟೇ. ನಮ್ಮಲ್ಲಿ ಮನೆ ಕಟ್ಟುವಾಗಲೇ ಗಾರೆಯವರು ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡು ಬಿಟ್ಟು, ಹಲಗೆ ಮುಚ್ಚಿ, ಮಣ್ಣು ಮೆತ್ತುತ್ತಾರೆ. ಹೊರಗಡೆ ಬೆರಳುಗಾತ್ರದ ಮೇಣದ ಕೊಳವೆಯೊಂದೇ ಕಾಣುವುದು. ಒಳಗೆ ಸೇರಿದ ಮುಜಂಟಿ ತುಡುವೆಯ ಹಾಗೆ ಎದ್ದುಹೋಗುವುದಿಲ್ಲ. ಗೋಡೆ ಇರುವವರೆಗೂ ಇರುತ್ತದೆ. ಮನೆಯ ಜನ ಸತ್ತರೂ ಅವರ ವಾಸನೆ ಅದರ ಹತ್ತಿರ ಇರುತ್ತದೆ.

ನಮ್ಮ ಗೋಡೆಯಲ್ಲಿ ಅಮ್ಮ ಇದ್ದಳು. ಹೊಲಿಗೆ ಮೆಷಿನ್ನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ, ಒಂದಿಷ್ಟು ಸಬ್ಬಸಿಗೆ ಸೊಪ್ಪು. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ತಿರುಗಿ ಗೋಡೆ ಕಾದ ಕೂಡಲೇ ಬರುತ್ತಿದ್ದಳು, ಅರ್ಧ ಗಂಟೆ ಇರುತ್ತಿದ್ದಳು. ಅಪ್ಪ ಊರಿಗೆ ನೀರು ಬಿಡುವ ವಾಲ್ವ್‌ಮನ್. ಬೆಳಗಿನ ಜಾವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಹೊರಟರೆ ಬೀದಿ ಬೀದಿ ಸುತ್ತಿ ವಾಲ್ವ್ ತಿರುಗಿಸಿ, ಎಲ್ಲೇ ಇದ್ದರೂ ಮೂರಕ್ಕೆ ಐದು ನಿಮಿಷ ಇರುವಾಗ ಮನೆಗೆ ಬಂದು, ಕಾಲು ತೊಳೆದು, ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಏನೂ ಮಾತಾಡುತ್ತಿರಲಿಲ್ಲ. ಮೂರೂವರೆಗೆ ಎದ್ದು "ಕಾಫಿ ಇಡೇ" ಎನ್ನುತ್ತಿದ್ದ.

ಅಮ್ಮ ಬದುಕಿದ್ದಾಗಲೂ ಹೀಗೇ ಇತ್ತು, ಆಗ ಮಾತೊಂದು ಹೆಚ್ಚಿಗೆ. ಹದಿನೇಳು ವರ್ಷ ಅಡುಗೆಮನೆಯ ಆ ಗೋಡೆಯ ಕಿಟಕಿಯ ಹತ್ತಿರವೇ ಕೂತು ಅವಳು ಊರಿನ ಹೆಂಗಸರಿಗೆಲ್ಲ ಜಾಕೆಟ್ ಹೊಲಿದಳು. ಅಪ್ಪ ಬಂದ ಕೂಡಲೇ, ಕಣ್ಣು ಸೂಜಿಯಿಂದ ಎತ್ತದೆ, "ಊರೆಲ್ಲ ಸುತ್ತಿ ಬಂದ್ರಲ್ಲ, ಏನೇನು ನೋಡಿದ್ರಿ ಹೇಳಿ" ಎಂದು ಕೇಳುವಳು. ಅಪ್ಪ ಹೇಳುವನು. ಕೆರೆಗೆ ಹೊಸ ನೀರು ಬಂದಿದೆ, ಏರಿಯ ಮೇಲೆ ಗಾಳಿ ಅಂದ್ರೆ ಗಾಳಿ. "ಒಂದಿನ ನನ್ನೂ ಕರ್ಕೊಂಡು ಹೋಗಿ." "ಮುಂದಿನ ವಾರ ಹೋಗೋಣ." ಆ ಮುಂದಿನ ವಾರ ಯಾವುದಾದರೊಂದು ಮದುವೆಯ ಹನ್ನೆರಡು ಜಾಕೆಟ್ ಬಂದು ಬೀಳುತ್ತಿದ್ದವು. ಆಮೇಲೆ ಅವಳ ಕಾಲು ಊದತೊಡಗಿತು, ಆಮೇಲೆ ಹೋಗುವ ಮಾತೇ ಇರಲಿಲ್ಲ.

ಇಷ್ಟು ಯಾಕೆ ಹೇಳಿದೆನೆಂದರೆ ಅಕ್ಕನ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮಗಳು ಗಂಡನ ಮನೆಗೆ ಹೊರಡುವಾಗ ತವರಿನ ಗೋಡೆಯ ಮುಜಂಟಿಯಲ್ಲಿ ಅರ್ಧ ಪಾಲು ಮಾಡಿ, ಹೊಸ ಮಡಕೆಯಲ್ಲಿ ತುಂಬಿ ಅವಳ ಜೊತೆ ಕಳಿಸಬೇಕು. ಆ ಅರ್ಧದಲ್ಲಿ ಯಾರ ವಾಸನೆ ಹೋಗುತ್ತದೆ, ಯಾರದು ಉಳಿಯುತ್ತದೆ ಎಂದು ಹೇಳಬರುವುದಿಲ್ಲ. ಸಾಮಾನ್ಯವಾಗಿ ಎರಡೂ ಕಡೆ ಒಂದಿಷ್ಟೊಂದಿಷ್ಟು ಇರುತ್ತದೆ. ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಹನುಮಕ್ಕಜ್ಜಿಯ ಮೊಮ್ಮಗಳ ಮಡಕೆಯಲ್ಲಿ ಮುತ್ತಾತನ ನಶ್ಯದ ವಾಸನೆ ಪೂರ್ತಿ ಹೋಗಿಬಿಟ್ಟು, ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಎಲ್ಲರೂ ಸೀನಿದರಂತೆ.

ಅಕ್ಕ ದಾಕ್ಷಿ ಮಡಕೆ ಬೇಡವೆಂದಳು. "ಪೂರ್ತಿ ನನ್ನ ಜೊತೇನೇ ಬಂದ್ಬಿಟ್ರೆ? ಅಪ್ಪ ಮೂರು ಗಂಟೆಗೆ ಎಲ್ಲಿ ಹೋಗಿ ಕೂರ್ತಾನೆ?"

"ನಿಂಗೂ ಅಮ್ಮಾನೇ ಅಲ್ವೇನೆ ಅವಳು," ಎಂದ ಅಪ್ಪ. "ತಗೊಂಡು ಹೋಗು. ಬರಿಗೈಲಿ ಹೋದ್ರೆ ನಂಗೆ ಬೇಜಾರು."

"ನಾನಿದೀನಲ್ಲ!" ಎಂದೆ ನಾನು. "ಸರಿಯಾಗಿ ಅರ್ಧ ಮಾಡ್ತೀನಿ. ತಕ್ಕಡಿ ಇಟ್ಟ ಹಾಗೆ." ಆಗ ನನಗೆ ಹತ್ತೊಂಬತ್ತು. ಎಂಟು ಮನೆಗಳ ಪಾಲು ಮಾಡುವುದನ್ನು ನೋಡಿದ್ದೆ, ಎರಡನ್ನು ನಾನೇ ಮಾಡಿದ್ದೆ. ಹನುಮಕ್ಕಜ್ಜಿಯ ಕಣ್ಣಿಗೆ ಪೊರೆ ಬಂದು ಅವಳು ಕೈಬಿಟ್ಟ ಮೇಲೆ ನಮ್ಮ ಬೀದಿಗೆ ನಾನೇ ದಿಕ್ಕು ಎಂದುಕೊಂಡಿದ್ದೆ.

ಅಜ್ಜಿ ಮಾತ್ರ ನನ್ನನ್ನು ಕರೆದು ಕೂರಿಸಿ ಹೇಳಿದಳು. "ನೋಡು, ಬೆಳಕು ಮೂಡೋ ಹೊತ್ಗೇ ಮುಗಿಸ್ಬಿಡು. ಹಿತ್ತಲಲ್ಲಿ ಐತಲ್ಲ ತುಡುವೆ ಪೆಟ್ಟಿಗೆ, ಅದರ ಬಾಯಿಗೆ ಒದ್ದೆ ಬಟ್ಟೆ ತುರುಕು. ಮುಜಂಟಿ ತುಪ್ಪ ಒಂದು ತೊಟ್ಟು ಚೆಲ್ಲಿದ್ರೂ ತುಡುವೆ ಕದಿಯಕ್ಕೆ ಬತ್ತದೆ. ಕದ್ದಿದ್ದನ್ನ ಅದು ವಾಪಸ್ ಕೊಡಲ್ಲ ಮಗಾ."

"ಗೊತ್ತು ಬಿಡಜ್ಜಿ."

"ಗೊತ್ತು ಗೊತ್ತು ಅಂತೀಯ. ನಿನ್ ಬಾಯಿಗೇ ಒದ್ದೆ ಬಟ್ಟೆ ತುರುಕ್ಬೇಕು ಮೊದ್ಲು."

ಬೆಳಗ್ಗೆ ಆಗಲಿಲ್ಲ. ಮದುವೆಮನೆ, ಏಳುವಷ್ಟರಲ್ಲಿ ಬೀಗರ ಕಡೆಯವರು ಸ್ನಾನಕ್ಕೆ ಸಾಲುಗಟ್ಟಿದ್ದರು. ಹನ್ನೊಂದು ಗಂಟೆಗೆ ಭಾವನ ತಮ್ಮ ತಂಗಿಯರು, ಅತ್ತೆಯ ಮಕ್ಕಳು ಎಲ್ಲ ಅಡುಗೆಮನೆಗೆ ಬಂದು "ನಾವೂ ನೋಡ್ಬೇಕು" ಎಂದರು. ನೋಡುವವರಿದ್ದರೆ ನಾನು ಯಾರ ಮಾತು ಕೇಳುವವಳು? ಹಲಗೆ ಬಿಚ್ಚಿದೆ. ಒಳಗೆ ಸುರುಳಿ ಸುರುಳಿಯಾಗಿ ಮರಿಗಳ ಪದರ, ಅದರ ಸುತ್ತ ದ್ರಾಕ್ಷಿಗೊಂಚಲಿನ ಹಾಗೆ ಕಪ್ಪು ಮೇಣದ ಪುಟ್ಟ ಪುಟ್ಟ ತುಪ್ಪದ ಗುಡಾಣಗಳು. "ಇದು ಮರಿ, ಇದು ತುಪ್ಪ, ಹುಳಿಹುಳಿ ಇರತ್ತೆ, ಇದು ಪರಾಗ, ಇಲ್ಲಿ ದೊಡ್ಡದಾಗಿ ಕಾಣ್ತಿದೆಯಲ್ಲ, ಇದು ರಾಣಿ ಹುಟ್ಟೋ ಕೋಣೆ, ಇದನ್ನ ಹೊಸ ಮಡಕೆಗೆ ಹಾಕ್ಬೇಕು, ಇಲ್ದಿದ್ರೆ ಆ ಪಾಲು ಬದುಕಲ್ಲ" ಎಂದು ಚಮಚ ಆಡಿಸುತ್ತ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಯಾರೋ ಕೇಳಿದ ಪ್ರಶ್ನೆಗೆ ಹಿಂದೆ ತಿರುಗಿದೆ. ಚಮಚ ಜಾರಿತು. ಒಂದು ಸಾಲು ಗುಡಾಣಗಳು ಪೂರ್ತಿ ಒಡೆದವು.

ತುಪ್ಪ ಗೋಡೆಯುದ್ದಕ್ಕೂ ಇಳಿದು ಅಮ್ಮನ ಮೆಷಿನ್ನಿನ ಮೇಲೆ ತೊಟ್ಟಿಕ್ಕಿತು. ಆ ಕ್ಷಣ ಅಮ್ಮ ಎಷ್ಟು ಜೋರಾಗಿ ಬಂದಳೆಂದರೆ, ಹಜಾರದಲ್ಲಿ ಸೀರೆ ಉಡುತ್ತಿದ್ದ ಅಕ್ಕ "ಅಮ್ಮಾ?" ಎಂದು ಕೂಗಿದಳು. ನಾನು ಬಟ್ಟೆ ಹುಡುಕುವುದರೊಳಗೆ ಕಿಟಕಿಯಿಂದ ಒಂದು ತುಡುವೆ ಬಂತು. ಆಮೇಲೆ ಹತ್ತು. ಆಮೇಲೆ ಎಣಿಸಲಾಗಲಿಲ್ಲ. ಮುಜಂಟಿಗಳು ಅವುಗಳ ರೆಕ್ಕೆ ಕಚ್ಚಿ ಹಿಡಿದು ಕೆಳಗೆ ಬಿದ್ದವು, ನೆಲದ ಮೇಲೆ ಎಳ್ಳು ಚೆಲ್ಲಿದ ಹಾಗೆ. ಬೀಗರ ಕಡೆಯವರೆಲ್ಲ ಕಿರುಚಿಕೊಂಡು ಹೊರಗೋಡಿದರು. ನಾನು ಕೈಗೆ ಸಿಕ್ಕಷ್ಟು ಮರಿಪದರ ಮಡಕೆಗೆ ಹಾಕಿ, ಹಲಗೆ ಮುಚ್ಚಿ, ಮಣ್ಣು ಮೆತ್ತುವ ಹೊತ್ತಿಗೆ ಗೋಡೆಯ ಮೇಲೆ ಒಂದು ತೊಟ್ಟೂ ಉಳಿದಿರಲಿಲ್ಲ. ಒರೆಸುವ ಕೆಲಸವೇ ಇರಲಿಲ್ಲ. ತುಡುವೆಗಳು ನೆಕ್ಕಿಕೊಂಡು ಹೋಗಿದ್ದವು.

ಹನುಮಕ್ಕಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಪೆಟ್ಟಿಗೆ ಬಾಯಿ ಮುಚ್ಚಿದ್ಯೇನೇ?" ಎಂದಳು. ನಾನು ಪೊರಕೆ ತೆಗೆದುಕೊಂಡು ನೆಲದ ಮೇಲೆ ಬಿದ್ದ ಜೇನು ಗುಡಿಸತೊಡಗಿದೆ.

ಅಕ್ಕ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಹೋದಳು. ಮರುದಿನ ಮೂರು ಗಂಟೆಗೆ ಅಪ್ಪ ಸ್ಟೂಲಿನ ಮೇಲೆ ಕೂತ. ಗೋಡೆ ಕಾದಿತು. ಅಪ್ಪನ ಬೀಡಿಯ ವಾಸನೆ ಬಂತು, ಅಕ್ಕನ ತಲೆಗೂದಲಿನ ವಾಸನೆ ಒಂಚೂರು ಬಂತು. ಅಮ್ಮ ಬರಲಿಲ್ಲ. ಅಪ್ಪ ನಾಲ್ಕು ಗಂಟೆಯವರೆಗೂ ಕೂತಿದ್ದ. "ಬಿಸಿಲು ಕಮ್ಮಿ ಇವತ್ತು," ಎಂದ. ಹೊರಗೆ ತಲೆ ಸೀಳುವ ಬಿಸಿಲಿತ್ತು.

ಅಕ್ಕ ಫೋನು ಮಾಡಿದಳು. "ಇಲ್ಲಿ ನಿನ್ನ ಬೆವರು ವಾಸನೆ ಬರ್ತಿದೆ ಕಣೆ, ನನ್ನ ಕರ್ಮ. ಅಮ್ಮ ಬರ್ಲಿಲ್ಲ. ಅಲ್ಲೇ ಉಳಿದ್ಲು ಅಲ್ವಾ?"

"ಹೂಂ ಅಕ್ಕ, ಇಲ್ಲೇ ಇದಾಳೆ," ಎಂದೆ.

"ಹೋಗ್ಲಿ ಬಿಡು. ಅಪ್ಪಂಗೆ ಸಿಕ್ಕಿದ್ಲಲ್ಲ," ಎಂದು ಮೂಗೆಳೆದುಕೊಂಡಳು. ಅಪ್ಪನಿಗೆ ನಾನು ಹೇಳಿದ್ದು ತಿರುಗಾಮುರುಗಾ. ಅಮ್ಮ ಪೂರ್ತಿ ಅಕ್ಕನ ಜೊತೆ ಹೋಗಿದ್ದಾಳಂತೆ ಎಂದೆ. ಅಪ್ಪ "ಒಳ್ಳೇದಾಯ್ತು, ಹೊಸ ಮನೆ, ಅವಳಿಗೆ ಜೊತೆ ಬೇಕು" ಎಂದ. ಆದರೂ ಮೂರಕ್ಕೆ ಬಂದು ಕೂರುವುದನ್ನು ಬಿಡಲಿಲ್ಲ. ಹನ್ನೊಂದು ದಿನ ಆ ಎರಡು ಸುಳ್ಳುಗಳ ನಡುವೆ ನಾನು ಅಡುಗೆ ಮಾಡಿದೆ.

ಹನ್ನೆರಡನೆಯ ದಿನ ಅಪ್ಪ ಮಧ್ಯಾಹ್ನಕ್ಕೆ ಮುಂಚೆಯೇ ಬಂದ. ಕೈಯಲ್ಲಿ ಒಂದು ನುಗ್ಗೆಹೂವಿನ ಗೊಂಚಲು. "ಮೂಸು," ಎಂದ.

ಮೂಸಿದೆ. ಮೆಷಿನ್ ಎಣ್ಣೆ, ಗಂಜಿ, ಸಬ್ಬಸಿಗೆ.

"ಗರಡಿಮನೆ ಹಿಂದೆ, ಮೂರನೇ ವಾಲ್ವ್ ಹತ್ರ. ತಿರುಗಿಸ್ತಾ ಇದ್ದೆ, ಬೆನ್ನ ಹಿಂದೆ ಬಂದು ನಿಂತ ಹಾಗಾಯ್ತು ಕಣೇ. ತಿರುಗಿ ನೋಡಿದ್ರೆ ಮರದ ತುಂಬ ನಮ್ಮ ಪೆಟ್ಟಿಗೆ ಜೇನು." ನನ್ನ ಮುಖ ನೋಡಿದ. "ಏನಾಯ್ತು ಅವತ್ತು?"

ಎಲ್ಲ ಹೇಳಿದೆ. ಅತ್ತುಬಿಟ್ಟೆ. ಬೈಯಲಿ ಎಂದು ಕಾದೆ. ಅಪ್ಪ ಹೂವಿನ ಗೊಂಚಲನ್ನು ಮೆಷಿನ್ನಿನ ಮೇಲಿಟ್ಟ. "ಅಂದ್ರೆ ಈಗ ಅವಳು ಹೊರಗಡೆ ಓಡಾಡ್ತಿದಾಳೆ," ಎಂದ. ಕಿಟಕಿಯಾಚೆ ನೋಡಿ ಇನ್ನೊಮ್ಮೆ, "ಹೊರಗಡೆ," ಎಂದ.

ಆ ವರ್ಷದ ಹೂವಿನ ಕಾಲ ಪೂರ್ತಿ ಹೀಗೇ ಆಯಿತು. ನಮ್ಮ ತುಡುವೆ ಯಾವ ಹೂವಿಗೆ ಹೋದರೆ ಅಲ್ಲಿ ಅಮ್ಮ. "ಶೈಲಿ, ನಿಮ್ಮಮ್ಮ ನಿನ್ನೆ ನಮ್ಮ ಕೊತ್ತಂಬರಿ ಮಡಿ ಹತ್ರ ಬಂದಿದ್ರು," ಎಂದು ತರಕಾರಿಯವಳು ಹೇಳುವಳು. ಹೈಸ್ಕೂಲಿನ ಬೇವಿನ ಮರದ ಕೆಳಗೆ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು, ಹೊಸ ಲಂಗದ ವಾಸನೆ ಬಂತು ಎಂದು ಎದ್ದು ಮನೆಗೆ ಹೋದಳಂತೆ. ಹನುಮಕ್ಕಜ್ಜಿಯಂತೂ ತನ್ನ ತುಳಸಿಕಟ್ಟೆಯ ಹತ್ತಿರ ಕೂತು, "ಏ ಮಂಗಳಾ, ನನ್ ರವಿಕೆದು ಒಂದು ಹುಕ್ಕು ಕಿತ್ತೋಗದೆ ನೋಡು" ಎಂದು ಅಮ್ಮನ ಹೆಸರು ಹಿಡಿದು ಮಾತಾಡುತ್ತಿದ್ದಳು. ಅಪ್ಪ ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೊರಡತೊಡಗಿದ. ಮೂರಕ್ಕೆ ಬಂದು ಸ್ಟೂಲಿನ ಮೇಲೆ ಕೂತು ಈಗ ನನಗೆ ವರದಿ ಕೊಡುತ್ತಿದ್ದ. "ಇವತ್ತು ಅಂಚೆ ಕಚೇರಿ ಹೊಂಗೆ ಮರದ ಹತ್ರ ಇದ್ಲು. ಕೆರೆ ಕಡೆ ಹೋಗಿಲ್ಲ ಇನ್ನೂ. ನಮ್ಮ ಪೆಟ್ಟಿಗೆಗೆ ದೂರ ಆಯ್ತು ಅನ್ಸತ್ತೆ."

ಅಕ್ಕನಿಗೂ ಹೇಳಿದೆ. ಅವಳು ಬಂದು ನನ್ನ ಜಡೆ ಹಿಡಿದು ಬೈದಳು. "ಬಾಯಿ ಓಡಿದ ಕಡೆ ಕೈ ಓಡಲ್ಲ ನಿಂಗೆ! ಅಮ್ಮನ್ನ ಬೀದಿಗೆ ಬಿಟ್ಬಿಟ್ಯಲ್ಲೇ!" ಸಂಜೆ ಅಪ್ಪನ ಜೊತೆ ಹೊಂಗೆ ಮರದ ಹತ್ತಿರ ಹೋಗಿ ಬಂದ ಮೇಲೆ ಬೈಯಲಿಲ್ಲ. ಊಟ ಮಾಡಿ ಬಸ್ಸು ಹತ್ತಿದಳು.

ಹೂವು ಮುಗಿಯಿತು. ಹೊಂಗೆ, ಬೇವು, ನುಗ್ಗೆ ಎಲ್ಲ ಕಾಯಾದವು. ಪೆಟ್ಟಿಗೆ ತೆಗೆದು ನೋಡಿದೆ, ಮೇಣದ ಎರಿಗಳು ತುಪ್ಪವಿಲ್ಲದೆ ಹಗುರಾಗಿದ್ದವು, ಹೊಸ ಮೊಟ್ಟೆ ಇರಲಿಲ್ಲ. ಹೊರಡುವ ಹಿಂಡು ಮೊದಲು ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಸಕ್ಕರೆ ಪಾಕ ಇಟ್ಟೆ. ಇರುವೆ ಬರದಂತೆ ಪೆಟ್ಟಿಗೆಯ ಕಾಲುಗಳಿಗೆ ನೀರಿನ ಬಟ್ಟಲಿಟ್ಟೆ. ಕೊನೆಗೆ ಬಾಗಿಲಿಗೆ ತಗಡಿನ ಜಾಲರಿ ಹೊಡೆದೆ. ಕೆಲಸದ ಜೇನು ತೂರುತ್ತದೆ, ರಾಣಿ ತೂರುವುದಿಲ್ಲ, ರಾಣಿ ಇಲ್ಲದೆ ಹಿಂಡು ಎಲ್ಲಿಗೂ ಹೋಗುವುದಿಲ್ಲ.

ಮೂರು ದಿನ ಬೆಳಗ್ಗೆ ಹತ್ತು ಗಂಟೆಗೆ ಹಿಂಡು ಹೊರಗೆ ಉಕ್ಕಿತು, ಅಂಗಳದ ತುಂಬ ಸುತ್ತಿತು, ರಾಣಿ ಬರಲಿಲ್ಲವೆಂದು ವಾಪಸ್ಸು ಹೋಯಿತು. ಮೂರು ದಿನವೂ ಅಂಗಳದ ತುಂಬ ಅಮ್ಮ ಬಂದು, ಹೊಸ್ತಿಲವರೆಗೆ ಬಂದು, ತಿರುಗಿ ಒಳಗೆ ಹೋದ ಹಾಗಿತ್ತು. ಮೂರನೆಯ ದಿನ ಅಪ್ಪ ಕೆಲಸಕ್ಕೆ ಹೋಗದೆ ನಿಂತು ನೋಡುತ್ತಿದ್ದ.

"ಏನೇ ಅದು ತಗಡು?"

"ರಾಣಿ ತಡೆ ಅಪ್ಪಾ. ಒಂದು ತಿಂಗಳು ತಡೆದ್ರೆ ಸಾಕು, ಮತ್ತೆ ಹೂವು ಬರತ್ತೆ, ಇಲ್ಲೇ ಉಳ್ಕೊಳತ್ತೆ."

ಅಪ್ಪ ಒಳಗೆ ಹೋಗಿ ಇಕ್ಕಳ ತಂದ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಖದ ಮೇಲೆ ಜೇನು ಹರಿದಾಡುತ್ತಿದ್ದರೂ ಲೆಕ್ಕಿಸದೆ, ಮೊಳೆ ಒಂದೊಂದಾಗಿ ಕಿತ್ತ. ಕೈ ಎರಡು ಕಡೆ ಕುಟುಕಿಸಿಕೊಂಡ. "ಮುಂದಿನ ವಾರ, ಮುಂದಿನ ವಾರ ಅಂತ ಎಷ್ಟು ವರ್ಷ ಹೇಳಿದೀನಿ ಗೊತ್ತಾ ನಿಂಗೆ," ಎಂದ. ನನ್ನ ಕಡೆ ನೋಡಿ ಹೇಳಲಿಲ್ಲ.

ಹಿಂಡು ಮತ್ತೆ ಉಕ್ಕಿತು. ಈ ಸಲ ಸುತ್ತು ದೊಡ್ಡದಾಯಿತು, ಮೇಲೇರಿತು. ಹಾರುವ ಹಿಂಡಿನ ಮೇಲೆ ನೀರೆರಚಿ ಮಣ್ಣು ತೂರಿದರೆ ಹತ್ತಿರದ ಕೊಂಬೆಯಲ್ಲಿ ಕೂರುತ್ತದೆ, ಎಲ್ಲರಿಗೂ ಗೊತ್ತಿರುವ ಉಪಾಯ. ನಾನು ಬಕೆಟ್ಟಿಗೆ ಕೈಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದ, ವಾಲ್ವ್ ತಿರುಗಿಸುವ ಕೈ, ಅಲುಗಾಡಲಾಗಲಿಲ್ಲ. ಹಿಂಡು ಹನುಮಕ್ಕಜ್ಜಿಯ ಮನೆಯ ಹೆಂಚಿನ ಮೇಲೆ ಹಾದು, ನೀರಿನ ಟ್ಯಾಂಕಿನ ಮೇಲೆ ಹಾದು, ಕೆರೆಯ ದಿಕ್ಕಿಗೆ ಹೋಯಿತು. ಅದು ಕಾಣದಾದ ಮೇಲೂ ಅಪ್ಪ ಕೈ ಬಿಡಲಿಲ್ಲ.

ಮರುದಿನ ಬೆಳಗ್ಗೆ ನಾನು ಹಾಲಿನ ಪಾತ್ರೆ ಹಿಡಿದು ರಸ್ತೆ ದಾಟಿದೆ. ಹನುಮಕ್ಕಜ್ಜಿಯ ಪೆಟ್ಟಿಗೆಗೆ ಅಷ್ಟೊತ್ತಿಗೆ ಹೊಸ ಹಿಂಡು ಬಂದು ಕೂತಿತ್ತು. ಅವಳು ಮೂಸಿ, "ಚೆನ್ನಾಗದೆ" ಎಂದಳು. ಕೂರಿಸಿ ಕಾಫಿ ಕೊಟ್ಟಳು. ಕುಡಿಯುವ ಮುಂಚೆ ಬಹಳ ಹೊತ್ತು ಮೂಸಿದೆ.

ಇದಾಗಿ ಎರಡು ವರ್ಷ. ನಮ್ಮ ಪೆಟ್ಟಿಗೆಗೆ ಬೇರೆ ಹಿಂಡು ಬಂತು, ಕಾಫಿ ಒಗ್ಗರಣೆ ಎಲ್ಲ ವಾಪಸ್ಸು ಬಂದವು. ಗೋಡೆಯ ಮುಜಂಟಿಯೂ ಚೇತರಿಸಿಕೊಂಡಿತು. ನಾನು ಈಗ ಮಾತು ಕಡಿಮೆ ಮಾಡಿದ್ದೇನೆ ಎಂದರೆ ಯಾರೂ ನಂಬುವುದಿಲ್ಲ, ಆದರೆ ಗೂಡು ತೆಗೆದಾಗ ಮಾತ್ರ ನಿಜವಾಗಿಯೂ ಬಾಯಿ ಬಿಡುವುದಿಲ್ಲ. ಹೋದ ತಿಂಗಳು ಕೆರೆ ಏರಿಯ ಪಕ್ಕದ ಬಡಾವಣೆಯಿಂದ ಹೇಳಿಕಳಿಸಿದರು, ಸೂರಿನ ಕೆಳಗೆ ತುಡುವೆ ಕೂತಿದೆ, ತೆಗೆದುಕೊಂಡು ಹೋಗಿ ಎಂದು. ಜೇನು ಕೆಲಸದ ಶರ್ಟು ತೊಟ್ಟು, ಪೆಟ್ಟಿಗೆ, ಚಾಕು, ಎರಿ ಕಟ್ಟಲು ಬಾಳೆನಾರು ತೆಗೆದುಕೊಂಡು ಹೋದೆ.

ಬಾಗಿಲು ತೆಗೆದದ್ದು ಸಾವಂತ್ರಿ ಎಂಬ ಹುಡುಗಿ, ನನ್ನದೇ ವಯಸ್ಸು, ಸೊಂಟದಲ್ಲಿ ಕೂಸು. ಹಿಂದೆಯೇ ಅವಳ ಅತ್ತೆ. "ತೆಗೆದ್ಬಿಡವ್ವ ಮೊದ್ಲು," ಎಂದಳು ಅತ್ತೆ. "ತುಡುವೆ ಕೂತ್ರೆ ಕಾಫಿ ಘಮ್ ಅನ್ಬೇಕು, ಹೂವು ಘಮ್ ಅನ್ಬೇಕು. ಇದು ಕೂತಾಗ್ಲಿಂದ ಮನೇಲಿ ಯಾರೋ ಹೆಂಗಸು ಇರೋ ಹಾಗೆ ವಾಸನೆ. ನಮ್ಮೋರಲ್ಲ, ಯಾರೋ ಏನೋ!"

ನನಗೆ ಹೊಸ್ತಿಲಲ್ಲೇ ಗೊತ್ತಾಗಿತ್ತು. ಮೆಷಿನ್ ಎಣ್ಣೆ, ಗಂಜಿ, ಸಬ್ಬಸಿಗೆ.

ಏಣಿ ಹತ್ತಿದೆ. ಏಳು ಎರಿ, ಅಂಗೈಯಗಲದ ಬಿಳಿಯ ಹೊಸ ಮೇಣ, ತುಂಬಿದ ತುಪ್ಪ. ರಾಣಿಯನ್ನು ಎರಡನೆಯ ಎರಿಯಲ್ಲೇ ಕಂಡೆ. ಹಿಡಿದು ಪೆಟ್ಟಿಗೆಗೆ ಹಾಕಿದರೆ ಮಿಕ್ಕವು ಹಿಂದೆಯೇ ಬರುತ್ತವೆ. ಸಂಜೆಯೊಳಗೆ ಮನೆಯಲ್ಲಿ ಅಮ್ಮ, ನಾಳೆ ಮೂರು ಗಂಟೆಗೆ ಅಪ್ಪನ ಪಕ್ಕದಲ್ಲಿ. ಚಾಕು ಮೊದಲನೆಯ ಎರಿಗೆ ತಾಗಿಸಿದೆ, ತುಪ್ಪ ಒಸರಿ ನನ್ನ ಶರ್ಟಿನ ತೋಳಿನ ಮೇಲೆ ಇಳಿಯಿತು.

ಕೆಳಗಿನಿಂದ ಸಾವಂತ್ರಿ ಮೆಲ್ಲಗೆ ಕೇಳಿದಳು, ಅತ್ತೆಗೆ ಕೇಳಿಸದ ಹಾಗೆ. "ಅಕ್ಕಾ, ತೆಗೀಲೇಬೇಕಾ? ಮಧ್ಯಾಹ್ನ ಇವರೆಲ್ಲ ಹೊಲಕ್ಕೆ ಹೋದಾಗ ನಾನೊಬ್ಳೇ ಇರ್ತೀನಿ. ಆಗ ಬರತ್ತೆ. ಯಾರೋ ಪಕ್ಕದಲ್ಲಿ ಕೂತು ಕೆಲಸ ಮಾಡ್ತಿರೋ ಹಾಗೆ. ಮಗೂನೂ ಅಳಲ್ಲ."

ಏಣಿಯ ಮೇಲಿನಿಂದ ಕೆರೆ ಪೂರ್ತಿ ಕಾಣುತ್ತಿತ್ತು. ನೀರು ಏರಿಯವರೆಗೆ ಬಂದಿತ್ತು. ಗಾಳಿ ಅಂದ್ರೆ ಗಾಳಿ.

ಇಳಿದು ಬಂದು ಅತ್ತೆಯ ಮುಂದೆ ನಿಂತೆ. "ಹೆದರ್ಕೋಬೇಡಿ ಅಮ್ಮ. ಇವರು ಯಾರು ಅಂತ ನಂಗೊತ್ತು. ಟೈಲರ್ ಮಂಗಳಕ್ಕ ಅಂತ. ಯಾರಿಗೂ ತೊಂದ್ರೆ ಕೊಟ್ಟವರಲ್ಲ."

"ಗರಡಿಮನೆ ಬೀದಿ ಮಂಗಳಕ್ಕನಾ?" ಅವಳ ಮುಖ ಅರಳಿತು. "ಅಯ್ಯೋ, ನನ್ ಮಗಳ ಧಾರೆ ಜಾಕೆಟ್ಟು ಅವಳೇ ಹೊಲಿದಿದ್ದು! ತೋಳು ಬಿಗಿ ಮಾಡ್ಬಿಟ್ಟಿದ್ಲು, ಹುಡುಗಿ ಕೈ ಎತ್ತಿ ಹಾರ ಹಾಕಕ್ಕಾಗ್ಲಿಲ್ಲ." ಮೂಗು ಎತ್ತಿ ಒಮ್ಮೆ ಮೂಸಿದಳು. "ಹೌದಲ್ಲ. ಅವಳೇ. ಇರ್ಲಿ ಬಿಡು ಹಂಗಾರೆ, ಹೊರಗಿನೋಳೇನಲ್ಲ."

ಖಾಲಿ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದಾಗ ಐದೂವರೆ. ಅಪ್ಪ ಬಾಗಿಲು ತೆಗೆದ. "ಹಿಂಡು ಸಿಕ್ಲಿಲ್ವಾ?" ಎಂದವನು ಅಲ್ಲೇ ನಿಂತ. ನನ್ನ ಶರ್ಟಿನ ತೋಳು ಹಿಡಿದು ಮುಖದ ಹತ್ತಿರ ತಂದುಕೊಂಡ. ಮೂಸಿದ, ಇನ್ನೊಮ್ಮೆ ಮೂಸಿದ.

"ಎಲ್ಲಿದಾಳೆ?"

"ಕೆರೆ ಏರಿ ಪಕ್ಕ ಅಪ್ಪಾ. ಕೂಸು ಎತ್ಕೊಂಡ ಹುಡುಗಿ ಒಬ್ಬಳಿದಾಳೆ, ಅವಳ ಮನೇಲಿ. ಸೂರಿನಿಂದ ನೀರು ಕಾಣತ್ತೆ. ತರಬಹುದಿತ್ತು. ತರಲಿಲ್ಲ."

ಅಪ್ಪ ತಲೆಯಾಡಿಸಿದ. "ಗಾಳಿ ಚೆನ್ನಾಗಿರತ್ತೆ ಅಲ್ಲಿ," ಎಂದ. ಪೆಟ್ಟಿಗೆಯನ್ನು ನನ್ನ ತಲೆಯಿಂದ ಇಳಿಸಿ ಒಳಗೆ ಹೋದ. ನಾನು ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಡುವ ಸದ್ದು ಕೇಳಿ ಅಡುಗೆಮನೆಯಿಂದಲೇ ಕೂಗಿದ.

"ಶೈಲೀ, ಆ ಶರ್ಟು ಇವತ್ತು ನೆನೆ ಹಾಕ್ಬೇಡ."